ನೊಂದ ನಗರಕ್ಕೆ ಚರ್ಚ್ ತಂಡ ಹೊರಡುವ ಮುನ್ನ

ಎಲ್ಲೋ ಪ್ರವಾಹ, ಭೂಕಂಪ ಎಂಬ ಸುದ್ದಿ ಬಂದರೆ ಸಾಕು, ನಮ್ಮ ಚರ್ಚುಗಳ ಯುವಕ ಯುವತಿಯರು ಹೊರಟು ನಿಲ್ಲುತ್ತಾರೆ. ಭಾನುವಾರದ ಆರಾಧನೆ ಮುಗಿಯುವಷ್ಟರಲ್ಲಿ ಕಾಣಿಕೆ ಕೂಡಿರುತ್ತದೆ, ವ್ಯಾನೂ ಗೊತ್ತಾಗಿರುತ್ತದೆ. ಆ ಮನಸ್ಸು ದೊಡ್ಡದು. ಆದರೆ ಮನಸ್ಸೊಂದೇ ಸಾಲದು ಎಂಬುದಕ್ಕೆ ಹೈಟಿ ದೇಶದ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ಗಿಂತ ದೊಡ್ಡ ಪಾಠ ಬೇರೆ ಇಲ್ಲ. 2010ರ ಜನವರಿ 12ರಂದು 7.0 ತೀವ್ರತೆಯ ಭೂಕಂಪ ಆ ಬಡ ನಗರವನ್ನು ನೆಲಸಮ ಮಾಡಿತು. ಸುಮಾರು 15 ಲಕ್ಷ ಮಂದಿ ನೆಲೆ ಕಳೆದುಕೊಂಡರು. ಕ್ಯಾಥೆಡ್ರಲ್ ಕುಸಿಯಿತು, ಆರ್ಚ್‌ಬಿಷಪ್ ಜೋಸೆಫ್ ಸರ್ಜ್ ಮಿಯೊ ಅಸುನೀಗಿದರು. ಹೊರಗಿನಿಂದ ಮಿಷನ್ ತಂಡಗಳು ಸಾಲುಗಟ್ಟಿ ಬಂದವು. ಅವುಗಳಿಂದ ಒಳಿತೂ ಆಯಿತು, ಕೆಡುಕೂ ಆಯಿತು. ನಮ್ಮ ತಂಡಗಳು ಹೋಗುವುದು ಹೆಚ್ಚಾಗಿ ನಮ್ಮ ದೇಶದೊಳಗಿನ ಊರುಗಳಿಗೆ. ಅಲ್ಲಿಗೂ ಆ ಪಾಠ ಅನ್ವಯಿಸುತ್ತದೆ.

ಮೊದಲನೆಯದು, ಕರೆಯದೆ ಹೋಗಬೇಡಿ. ಅಲ್ಲಿನ ಧರ್ಮಪ್ರಾಂತ್ಯಕ್ಕೋ ಸಭೆಯ ಪಾಸ್ಟರಿಗೋ ಫೋನ್ ಮಾಡಿ. 1947ರಿಂದ ಪರಿಹಾರ ಕೆಲಸದಲ್ಲಿರುವ ಕಾಸಾ, 1962ರಲ್ಲಿ ಶುರುವಾದ ಕಾರಿತಾಸ್ ಇಂಡಿಯಾದಂಥ ಸಂಸ್ಥೆಗಳ ಮೂಲಕವೂ ವಿಚಾರಿಸಬಹುದು. ಯಾವ ಕೆಲಸಕ್ಕೆ ಜನ ಬೇಕು, ಎಲ್ಲಿ ಮಲಗಬೇಕು, ಯಾರ ಮಾತು ಕೇಳಬೇಕು ಎಂಬುದು ಇತ್ಯರ್ಥವಾಗದಿದ್ದರೆ ವ್ಯಾನ್ ಹತ್ತಬೇಡಿ. ಮೊದಲ ದಿನಗಳು ರಕ್ಷಣಾ ಪಡೆಗೆ, ವೈದ್ಯರಿಗೆ ಸೇರಿದವು. ಟೀವಿ ಕ್ಯಾಮೆರಾಗಳು ಹೊರಟುಹೋದ ಮೇಲೆ, ತಿಂಗಳು ಕಳೆದ ಮೇಲೆ, ಕೈ ಸಾಲದ ಕಾಲ ಬರುತ್ತದೆ. ವಿಶೇಷ ತರಬೇತಿ ಇಲ್ಲದವರು ಹೋಗಬೇಕಾದ್ದು ಆಗ.

ಹೊರಡುವ ಮೊದಲು ಒಂದು ಲೆಕ್ಕ ಹಾಕಲೇಬೇಕು. ತಂಡದ ಪ್ರಯಾಣ, ಊಟ, ವಸತಿಗೆ ತಗಲುವ ದುಡ್ಡಿನಲ್ಲಿ ಆ ಊರಿನ ಎಷ್ಟು ಗಾರೆಯವರಿಗೆ, ಬಡಗಿಗಳಿಗೆ ಕೂಲಿ ಕೊಡಬಹುದು? ಉತ್ತರ ನೋಡಿ ತಂಡ ಅರ್ಧವಾದರೂ ಬೇಸರ ಬೇಡ. ಉಳಿದ ಹಣ ಕಳಿಸಿ.

ಹಳೆ ಬಟ್ಟೆ ಒಯ್ಯಬೇಡಿ. 2004ರ ಸುನಾಮಿಯ ನಂತರ ನಾಗಪಟ್ಟಿಣಂ ಭಾಗದಲ್ಲಿ ದಾನದ ಹಳೆ ಬಟ್ಟೆ ಯಾರೂ ಮುಟ್ಟದೆ ರಸ್ತೆಬದಿ ರಾಶಿ ಬಿದ್ದಿತ್ತು. ದುಡಿದು ಉಟ್ಟ ಮೀನುಗಾರ ಕುಟುಂಬಗಳಿಗೆ ಅದು ಅವಮಾನವೂ ಆಗಿತ್ತು. ಅಕ್ಕಿ, ಬೇಳೆ, ಚಾಪೆಗಳನ್ನು ಹತ್ತಿರದ ತೆರೆದ ಪೇಟೆಯಲ್ಲೇ ಕೊಳ್ಳಿ. ಅಲ್ಲಿನ ಅಂಗಡಿಯವರೂ ಬದುಕಬೇಕು. ಹೊರಗಿನ ಅಗ್ಗದ ಅಕ್ಕಿ ಹೈಟಿಯ ಭತ್ತದ ರೈತರನ್ನು ಹಾಳುಮಾಡಿತ್ತು. ಅದಕ್ಕೆ ಕಾರಣವಾದ ತಮ್ಮ ಆಡಳಿತದ ನೀತಿ ತಪ್ಪೆಂದು ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ 2010ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಆರೋಗ್ಯದ ವಿಷಯದಲ್ಲಿ ಸಡಿಲಿಕೆ ಬೇಡ. ಟಿಟಿ ಚುಚ್ಚುಮದ್ದು ಮುಗಿಸಿಕೊಳ್ಳಿ. ನೆರೆನೀರಿನ ಊರಾದರೆ ಇಲಿಜ್ವರದ ಮುನ್ನೆಚ್ಚರಿಕೆ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಗಮ್‌ಬೂಟು, ದಪ್ಪ ಕೈಗವಸು, ಕುಡಿಯುವ ನೀರು ನಿಮ್ಮದೇ ಇರಲಿ. ಶೌಚದ ವ್ಯವಸ್ಥೆ ಅದಕ್ಕಿಂತ ಮುಖ್ಯ. 2010ರ ಅಕ್ಟೋಬರಿನಲ್ಲಿ ಹೈಟಿಯಲ್ಲಿ ಕಾಲರಾ ಹಬ್ಬಿದ್ದು ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಮಲಿನ ನೀರು ನದಿ ಸೇರಿದ್ದರಿಂದ. ಸತ್ತವರು ಸಾವಿರಾರು. ನೆರವಿಗೆ ಬಂದವರೇ ರೋಗ ತಂದರೆ ಅದಕ್ಕಿಂತ ಘೋರ ಇನ್ನೇನಿದೆ?

ಕೆಲಸದ ಜಾಗದಲ್ಲಿ ನಿಮಗೆ ಸಿಗುವುದು ಬಹುಪಾಲು ಕೆಸರು. ಮನೆಯೊಳಗೆ ಕಾಲಿಡುವ ಮೊದಲು ಕರೆಂಟ್ ಕಡಿತವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕಪಾಟಿನ ಹಿಂದೆ, ಪಾತ್ರೆಗಳ ಸಂದಿಯಲ್ಲಿ ಹಾವಿರಬಹುದು, ಕೋಲಿನಿಂದ ತಟ್ಟಿ ನೋಡಿ. ಸಲಿಕೆ ಹಾಕುವ ಮುನ್ನ ಮನೆಯಾಕೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ನಿಮಗೆ ಕಸವಾಗಿ ಕಂಡ ಒದ್ದೆ ಕಟ್ಟಿನಲ್ಲಿ ರೇಷನ್ ಕಾರ್ಡ್ ಇರುತ್ತದೆ, ಪಾಸ್‌ಬುಕ್ ಇರುತ್ತದೆ, ತೀರಿಹೋದ ಮಗನ ಫೋಟೊ ಇರುತ್ತದೆ. ಆಕೆ ಹೇಳದೆ ಏನನ್ನೂ ಎಸೆಯಬೇಡಿ. ಒದ್ದೆ ಕಾಗದಗಳನ್ನು ಎಳೆದು ಬಿಡಿಸದೆ, ನಿಧಾನಕ್ಕೆ ಒಂದೊಂದೇ ಹಾಳೆ ಬೇರ್ಪಡಿಸಿ ನೆರಳಲ್ಲಿ ಹರಡಿ. ಪರಿಹಾರದ ಹಣ ಆ ಕುಟುಂಬಕ್ಕೆ ಸಿಗುವುದು, ಸಿಗದಿರುವುದು ಎಷ್ಟೋ ಸಲ ಆ ಹಾಳೆಗಳ ಮೇಲೆ ನಿಂತಿರುತ್ತದೆ.

ಮಕ್ಕಳ ವಿಷಯದಲ್ಲಿ ನಿಯಮ ಒಂದೇ: ಯಾವ ಮಗುವನ್ನೂ ಎಲ್ಲಿಗೂ ಕರೆದೊಯ್ಯಬೇಡಿ. ಭೂಕಂಪವಾದ ತಿಂಗಳಲ್ಲೇ ಅಮೆರಿಕದ 10 ಬ್ಯಾಪ್ಟಿಸ್ಟ್ ಸ್ವಯಂಸೇವಕರು 33 ಮಕ್ಕಳನ್ನು ದಾಖಲೆಯಿಲ್ಲದೆ ಹೈಟಿಯ ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾದರು. ಅನಾಥರೆಂದು ಅವರು ಹೇಳಿದ ಮಕ್ಕಳ ಹೆತ್ತವರು ಬದುಕಿದ್ದರು. ನಮ್ಮಲ್ಲಿ ಒಂಟಿ ಮಗು ಕಂಡರೆ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತನ್ನಿ. ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡಬೇಡಿ.

ಇನ್ನು ಪ್ರಾರ್ಥನೆಯ ಮಾತು. ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ರೂಪಿಸಿದ ನೀತಿಸಂಹಿತೆ, ಧರ್ಮದ ಪ್ರಚಾರಕ್ಕೆ ನೆರವನ್ನು ಬಳಸಬಾರದು ಎನ್ನುತ್ತದೆ. ಹಾಗಾಗಿ ಅಕ್ಕಿಚೀಲದೊಳಗೆ ಕರಪತ್ರ ಇಡಬೇಡಿ, ಸಾಲಿನಲ್ಲಿ ನಿಂತವರಿಂದ ಪ್ರಾರ್ಥನೆ ಹೇಳಿಸಬೇಡಿ. ಹಸಿದವನ ಮುಂದೆ ಷರತ್ತು ಇಡುವುದು ಕ್ರಿಸ್ತನ ದಾರಿಯಲ್ಲ ಎಂದೇ ನನ್ನ ದೃಢ ನಂಬಿಕೆ. ಯಾರಾದರೂ ತಾವಾಗಿ ಕೇಳಿದರೆ ಪಕ್ಕದಲ್ಲಿ ಕೂತು ಪ್ರಾರ್ಥಿಸಿ. ನಿಮ್ಮ ತಂಡದ ಆರಾಧನೆ ಬೆಳಗ್ಗೆ, ನಿಮ್ಮ ವಸತಿಯಲ್ಲಿ ನಡೆಯಲಿ.

ಬ್ರೆಜಿಲ್‌ನ ಮಕ್ಕಳ ವೈದ್ಯೆ ಜಿಲ್ಡಾ ಆರ್ನ್ಸ್ ಆ ಭೂಕಂಪದ ದಿನ ಪೋರ್ಟ್-ಓ-ಪ್ರಿನ್ಸ್‌ನ ಚರ್ಚೊಂದರಲ್ಲಿ ತಮ್ಮ ಕೆಲಸದ ಬಗ್ಗೆ ಮಾತನಾಡಿ ಮುಗಿಸಿದ್ದರು. ಅಲ್ಲೇ ಪ್ರಾಣ ಬಿಟ್ಟರು. 1983ರಲ್ಲಿ ಅವರು ಕಟ್ಟಿದ ಕ್ಯಾಥೊಲಿಕ್ ಸೇವಾಸಂಸ್ಥೆಯಲ್ಲಿ ಮಕ್ಕಳ ಆರೈಕೆ ಕಲಿಸುವವರು ಹೊರಗಿನವರಲ್ಲ, ಅದೇ ಕೇರಿಯ ಹೆಂಗಸರು. ನೀವೂ ಹಾಗೆ ಮಾಡಿ. ಭೇದಿಯಾದವರಿಗೆ ಕುಡಿಸಲು ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸುವುದನ್ನು ಆ ಊರಿನ ನಾಲ್ಕು ತಾಯಂದಿರಿಗೆ ಕಲಿಸಿದರೆ ಅವರು ಓಣಿಗೇ ಕಲಿಸುತ್ತಾರೆ.

ಮರಳಿದ ಮೇಲೆ ಖರ್ಚಿನ ಲೆಕ್ಕವನ್ನು ಸಭೆಯ ಮುಂದಿಡಿ. ಆ ಊರಿನ ಒಬ್ಬರ ಫೋನ್ ನಂಬರನ್ನು ಇಟ್ಟುಕೊಂಡು ಆರು ತಿಂಗಳ ನಂತರ ಕರೆ ಮಾಡಿ, ಏನು ಬಾಕಿ ಇದೆ ಎಂದು ಕೇಳಿ. ಅವರು ಹೇಳಿದ್ದಕ್ಕೆ ಎರಡನೇ ಕಾಣಿಕೆ ಎತ್ತಿ.