ಅಕ್ಷರದ ಒಡೆತನ ಮತ್ತು ಮುಕ್ತ ತಂತ್ರಾಂಶ: ದಾದರಿನಿಂದ ಒಂದು ನೋಟ

ಮುಂಬಯಿಯ ಕನ್ನಡಿಗರಲ್ಲಿ ದಾದರ್ ನಿಲ್ದಾಣದ ಸೇತುವೆಯನ್ನು ಹತ್ತಿ ಇಳಿಯದವರು ವಿರಳ. ಡೊಂಬಿವಲಿ, ಠಾಣೆಗಳ ಕಡೆಯಿಂದ ಬಂದು ಅಂಧೇರಿ, ಬೊರಿವಲಿಗಳಿಗೆ ಹೋಗಬೇಕಾದವರು ಇಲ್ಲಿಯೇ ಗಾಡಿ ಬದಲಿಸುತ್ತಾರೆ. ಮರಾಠಿಯಲ್ಲಿ 'ದಾದರ' ಎಂಬ ಶಬ್ದಕ್ಕೆ ಮೆಟ್ಟಿಲುಸಾಲು ಎಂಬ ಅರ್ಥವಿರುವುದು ಈ ಸ್ಥಳಕ್ಕೆ ಒಪ್ಪುವಂತಿದೆ. ಈ ನಿಲ್ದಾಣ ಮೂಲತಃ ಎರಡು ಬೇರೆ ಬೇರೆ ರೈಲ್ವೆ ಕಂಪೆನಿಗಳಿಗೆ ಸೇರಿದುದು. 1951ರಲ್ಲಿ ಆ ಕಂಪೆನಿಗಳ ಮಾರ್ಗಗಳು ಮಧ್ಯ ರೈಲ್ವೆ, ಪಶ್ಚಿಮ ರೈಲ್ವೆಗಳಾದ ಮೇಲೂ ಎರಡೂ ತಂತಮ್ಮ ಪ್ಲಾಟ್‌ಫಾರ್ಮುಗಳನ್ನು ಒಂದರಿಂದಲೇ ಎಣಿಸುತ್ತಿದ್ದವು. 'ಮೂರನೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತೇನೆ' ಎಂದವರನ್ನು 'ಯಾವ ಮೂರು?' ಎಂದು ಕೇಳಲೇಬೇಕಾಗಿತ್ತು. 2023ರ ಡಿಸೆಂಬರಿನಲ್ಲಿ ಪಶ್ಚಿಮ ರೈಲ್ವೆಯ 1ರಿಂದ 7ರವರೆಗಿನ ಸಂಖ್ಯೆಗಳನ್ನು ಹಾಗೆಯೇ ಉಳಿಸಿ, ಮಧ್ಯ ರೈಲ್ವೆಯವಕ್ಕೆ 8ರಿಂದ 14ರವರೆಗಿನ ಸಂಖ್ಯೆಗಳನ್ನು ಕೊಟ್ಟ ಮೇಲೆ ಈ ಗೊಂದಲ ತೀರಿತು.

ಗಣಕಯಂತ್ರದೊಳಗೆ ಕನ್ನಡ ಲಿಪಿಗೆ ಒದಗಿದ ಸ್ಥಿತಿಯೂ ಇಂತಹುದೇ ಆಗಿತ್ತು. ಮುಕ್ತ ತಂತ್ರಾಂಶ, ಬೃಹತ್ ತಂತ್ರಜ್ಞಾನ ಕಂಪೆನಿಗಳು, ಅಂತರಜಾಲ ಎಂದೊಡನೆ ಇವು ಎಂಜಿನಿಯರುಗಳ ಚರ್ಚೆಗೆ ಬಿಟ್ಟ ವಿಷಯಗಳೆಂಬ ಭಾವನೆ ಸಾಹಿತ್ಯದ ವಿದ್ಯಾರ್ಥಿಗಳಲ್ಲಿದೆ. ಗ್ರಂಥಸಂಪಾದನೆಯ ಪಾಠ ಕೇಳಿದವರಾದರೂ ಹಾಗೆ ಭಾವಿಸಬಾರದು. ಓಲೆಗರಿಯನ್ನು ಗೆದ್ದಲು ತಿಂದರೆ ಪಾಠ ನಷ್ಟವಾಗುತ್ತದೆ. ಅಕ್ಷರದ ಸಂಕೇತ ಒಂದು ಅಂಗಡಿಯ ಗುಟ್ಟಾಗಿದ್ದರೆ, ಆ ಅಂಗಡಿ ಮುಚ್ಚಿದ ದಿನ ಪಾಠ ನಷ್ಟವಾಗುತ್ತದೆ. ಎರಡನೆಯದು ನಮ್ಮ ಕಾಲದಲ್ಲಿ, ನಮ್ಮ ಕಣ್ಣೆದುರಿನಲ್ಲಿಯೇ ನಡೆದಿದೆ.

ತೊಂಬತ್ತರ ದಶಕದಲ್ಲಿ ಮೊಳೆ ಜೋಡಿಸುವ ಮುದ್ರಣಾಲಯಗಳ ಸ್ಥಾನವನ್ನು ಡಿ.ಟಿ.ಪಿ. ಕೇಂದ್ರಗಳು ಆಕ್ರಮಿಸಿದವು. ಯಂತ್ರಕ್ಕೆ ಅಕ್ಷರವೆಂಬುದು ಒಂದು ಸಂಖ್ಯೆ ಮಾತ್ರ. ಅಂದಿನ ಫಾಂಟುಗಳಲ್ಲಿ ಇದ್ದುದು 256 ಮನೆಗಳು. ಅವುಗಳಲ್ಲಿಯೂ ಕೆಲವು ಯಂತ್ರದ ಸ್ವಂತ ಬಳಕೆಗೆ ಮೀಸಲು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಇಡಿಯಾಗಿ ಇವುಗಳಲ್ಲಿ ತುಂಬುವುದು ಅಸಾಧ್ಯವಾದ್ದರಿಂದ ತಯಾರಕರು ಅಕ್ಷರಗಳನ್ನು ತಲೆಕಟ್ಟು, ಗುಡಿಸು, ಕೊಂಬು, ದೀರ್ಘ, ಒತ್ತು ಎಂದು ತುಂಡುಮಾಡಿ, ಒಂದೊಂದು ತುಂಡನ್ನೂ ತಮಗೆ ತೋಚಿದ ಮನೆಯಲ್ಲಿ ಇಟ್ಟರು. ಒಂದು ಕಂಪೆನಿಯ ಫಾಂಟಿನಲ್ಲಿ 'ಕ'ಕಾರಕ್ಕೆ ಸಲ್ಲುವ ಸಂಖ್ಯೆ ಇನ್ನೊಂದರಲ್ಲಿ ಯಾವುದೋ ಒತ್ತಿಗೆ ಸಲ್ಲುತ್ತಿತ್ತು. ಇಷ್ಟೇ ಅಲ್ಲ, 'ಧರ್ಮ' ಎಂಬ ಪದ ಕಣ್ಣಿಗೆ ಕಾಣುವ ಕ್ರಮದಲ್ಲಿ, ಎಂದರೆ ಧ, ಮ, ಕೊನೆಗೆ ಅರ್ಕಾವೊತ್ತು ಎಂದು ದಾಖಲಾಗುತ್ತಿತ್ತು. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಯಂತ್ರಕ್ಕೆ ಗೊತ್ತಿದ್ದುದು ಅಕ್ಷರದ ಚಾಕ್ಷುಷ ರೂಪ ಮಾತ್ರ, ಶ್ರಾವಣ ರೂಪವಲ್ಲ. ಇಂತಹ ಕಡತದಲ್ಲಿ ಅಕಾರಾದಿಯೂ ಸಾಧ್ಯವಿಲ್ಲ, ಪದಸೂಚಿಯೂ ಸಾಧ್ಯವಿಲ್ಲ.

ಇದರ ಫಲವನ್ನು ನಾನೂ ಉಂಡಿದ್ದೇನೆ. ಹಳಗನ್ನಡಕ್ಕೆ ಸಂಬಂಧಿಸಿದ ನನ್ನ ಸಂಶೋಧನ ಪ್ರಬಂಧವನ್ನು 1996ರಲ್ಲಿ ದಾದರ್ ಪಶ್ಚಿಮದ ಒಂದು ಡಿ.ಟಿ.ಪಿ. ಕೇಂದ್ರದಲ್ಲಿ ಸಿದ್ಧಪಡಿಸಿದೆ. ಸೊಲ್ಲಾಪುರದ ಕಡೆಯ ತರುಣನೊಬ್ಬ ಶ್ರದ್ಧೆಯಿಂದ ಟೈಪು ಮಾಡಿದ. ಅವನ ಫಾಂಟಿನಲ್ಲಿ ೞಕಾರವಿರಲಿಲ್ಲ. ಅದು ಬರುವಲ್ಲೆಲ್ಲ ಜಾಗ ಬಿಡಿಸಿ, ಪ್ರತಿಗಳಲ್ಲಿ ಕಪ್ಪು ಮಸಿಯಿಂದ ನಾನೇ ಬರೆದು ತುಂಬಿದೆ. ಆ ತಂತ್ರಾಂಶ ಕೆಲಸ ಮಾಡಬೇಕಾದರೆ ಗಣಕದ ಹಿಂಬದಿಗೆ ಹೆಬ್ಬೆರಳಿನಷ್ಟು ದೊಡ್ಡ 'ಲಾಕ್' ಒಂದನ್ನು ಸಿಕ್ಕಿಸಬೇಕಾಗಿತ್ತು. ನಕಲು ತಡೆಯಲು ಕಂಪೆನಿ ಮಾಡಿದ ಏರ್ಪಾಡು ಅದು. ಕೆಲವು ವರ್ಷಗಳ ಮೇಲೆ ಆ ಕೇಂದ್ರ ಮುಚ್ಚಿತು. ನನ್ನಲ್ಲಿ ಫ್ಲಾಪಿಗಳು ಉಳಿದವು. ಅವುಗಳಲ್ಲಿದ್ದುದು ಕನ್ನಡವೆಂದು ಯಾವ ಯಂತ್ರವೂ ಒಪ್ಪಲಿಲ್ಲ.

ಪರಿಹಾರದ ಬೀಜ ಆಗಲೇ ಬಿದ್ದಿತ್ತು ಎಂಬುದು ಗಮನಾರ್ಹ. ಭಾರತೀಯ ಲಿಪಿಗಳಿಗೆ ಸಮಾನ ಸಂಕೇತವನ್ನು ನಿಗದಿಪಡಿಸಿದ ಇಸ್ಕಿ ಶಿಷ್ಟತೆ ಹೊರಬಂದುದು 1991ರಲ್ಲಿ. ಯೂನಿಕೋಡಿನ ಮೊದಲ ಆವೃತ್ತಿಯೂ ಅದೇ ವರ್ಷದ್ದು. ಎರಡರಲ್ಲಿಯೂ 'ಧರ್ಮ' ಉಚ್ಚಾರಣೆಯ ಕ್ರಮದಲ್ಲಿಯೇ, ಎಂದರೆ ರೇಫ ಮೊದಲು, ಮಕಾರ ಅನಂತರ ಎಂದು ದಾಖಲಾಗುತ್ತದೆ. ಆದರೆ ಕನ್ನಡ ಯೂನಿಕೋಡ್ ಸಾಮಾನ್ಯ ಬಳಕೆದಾರನ ಮೇಜಿಗೆ ಬಂದುದು 2001ರ ವಿಂಡೋಸ್ ಎಕ್ಸ್‌ಪಿಯ ಮೂಲಕ. ಅದರಲ್ಲಿದ್ದ 'ತುಂಗಾ' ಎಂಬ ಕನ್ನಡ ಫಾಂಟು ರೂಪುಗೊಂಡುದು ಮುಂಬಯಿಯ ಪ್ರಸಿದ್ಧ ಅಕ್ಷರಶಿಲ್ಪಿ ಆರ್. ಕೆ. ಜೋಶಿಯವರ ನಿರ್ದೇಶನದಲ್ಲಿ. ಬೃಹತ್ ಕಂಪೆನಿಗಳೆಲ್ಲ ಭಾಷೆಯ ವೈರಿಗಳು ಎಂದು ಭಾಷಣ ಮಾಡುವವರು ಇದನ್ನು ಮರೆಯಬಾರದು. ಗೂಗಲ್ ತನ್ನ 'ನೋಟೋ' ಸರಣಿಯ ಕನ್ನಡ ಫಾಂಟುಗಳನ್ನು ಮುಕ್ತ ಪರವಾನಗಿಯಲ್ಲಿಯೇ ಕೊಟ್ಟಿದೆ.

ಇಲ್ಲಿ ಕೆ. ಪಿ. ರಾವ್ ಅವರನ್ನು ಸ್ಮರಿಸುವುದು ಅಗತ್ಯ. ದಕ್ಷಿಣ ಕನ್ನಡದ ಕಿನ್ನಿಕಂಬಳದಿಂದ ಬಂದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ, ಅನಂತರ ಟಾಟಾ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು. ದಾದರಿಗೆ ಹೊಂದಿಕೊಂಡೇ ಇರುವ ಪ್ರಭಾದೇವಿಯ ಆ ಮುದ್ರಣಾಲಯದಂತಹ ಕಡೆಗಳಲ್ಲಿಯೇ ಭಾರತೀಯ ಲಿಪಿಗಳು ಸೀಸದಿಂದ ಬಿಡುಗಡೆಗೊಂಡು ಯಂತ್ರದ ಬೆಳಕಿಗೆ ಬಂದುದು. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ಸರಳ. ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳೇ ಸಾಕು. ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಸಹಿತ ಒತ್ತಿದರೆ ಮಹಾಪ್ರಾಣ. ವ್ಯಂಜನದ ಮುಂದೆ ಸ್ವರ ಒತ್ತಿದರೆ ಗುಣಿತ ತಾನಾಗಿಯೇ ಮೂಡುತ್ತದೆ. ಕನ್ನಡದ ವರ್ಣಮಾಲೆಯ ಶಾಸ್ತ್ರವನ್ನು ಬಲ್ಲವರು ಮಾತ್ರ ಮಾಡಬಹುದಾದ ಕೆಲಸವಿದು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ವಿನ್ಯಾಸದ ಮೇಲೆ ಒಡೆತನ ಸಾಧಿಸಲಿಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಳಸಿದುದೂ ಕರ್ನಾಟಕ ಸರಕಾರ ಶಿಷ್ಟವೆಂದು ಒಪ್ಪಿದುದೂ ಇದೇ ವಿನ್ಯಾಸದ ಪರಂಪರೆಯನ್ನು.

'ಉಚಿತ' ಮತ್ತು 'ಮುಕ್ತ' ಎಂಬ ಎರಡು ಪದಗಳನ್ನು ಬೇರ್ಪಡಿಸಿಕೊಳ್ಳದೆ ಮುಂದುವರಿಯುವಂತಿಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದಾಗಿನಿಂದ ಈ ಚಳುವಳಿ ಪ್ರತಿಪಾದಿಸುತ್ತ ಬಂದಿರುವುದು ಬೆಲೆಯ ಮಾತನ್ನಲ್ಲ. ತಂತ್ರಾಂಶವನ್ನು ಬಳಸುವ, ಅದರ ಮೂಲವನ್ನು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯವನ್ನು. ಇಂಗ್ಲಿಷಿನ 'ಫ್ರೀ' ಶಬ್ದಕ್ಕೆ ಎರಡೂ ಅರ್ಥಗಳಿರುವುದರಿಂದ ಅಲ್ಲಿ ವಿವಾದ ಬೆಳೆಯಿತು. 1998ರಲ್ಲಿ 'ಓಪನ್ ಸೋರ್ಸ್' ಎಂಬ ಬೇರೆ ಹೆಸರೇ ಹುಟ್ಟಿತು. ಕನ್ನಡಕ್ಕೆ ಆ ತೊಡಕಿಲ್ಲ. ಆದರೂ ಉಚಿತವಾಗಿ ಸಿಕ್ಕುದನ್ನೆಲ್ಲ ನಮ್ಮದೆಂದು ನಂಬುವ ಅಭ್ಯಾಸ ನಮಗಿದೆ. 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ' ತಂತ್ರಾಂಶ ಪರದೇಶದ ಕನ್ನಡಿಗರಿಗೂ ಬರೆಯಲು ಕಲಿಸಿದ ಮಹದುಪಕಾರಿ. ಮೊದಲು ಉಚಿತವಾಗಿದ್ದ ಅದು ಮುಂದೆ ಬೆಲೆಗೆ ದೊರೆಯುವಂತಾಯಿತು. ಶ್ರಮಕ್ಕೆ ಬೆಲೆ ಕೇಳುವುದು ಕರ್ತೃವಿನ ಹಕ್ಕು. ಅದನ್ನು ದೂರಿದವರು ಒಂದು ಸಾಲು ಸಂಕೇತವನ್ನಾದರೂ ಬರೆದವರಲ್ಲ.

ಒಡೆತನದ ಪ್ರಶ್ನೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ೞಕಾರವೇ ಉತ್ತಮ ನಿದರ್ಶನ. ಯೂನಿಕೋಡಿನಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಅದರ ಅಧಿಕೃತ ಇಂಗ್ಲಿಷ್ ಹೆಸರು 'ಕನ್ನಡ ಲೆಟರ್ ಫಾ'! ದೇವನಾಗರಿಯ ಕೋಷ್ಟಕದಲ್ಲಿ ಅದಕ್ಕೆ ಸಮಾನವಾದ ಮನೆಯಲ್ಲಿರುವುದು ಉರ್ದು ಶಬ್ದಗಳಿಗೆ ಬೇಕಾದ 'ಫ಼'. ಹೆಸರಿಗೆ ಅದರದೇ ನೆರಳು ಬಿದ್ದಿದೆ. ಪಂಪ, ರನ್ನರ ಅಕ್ಷರಕ್ಕೆ ಬಿದ್ದ ಈ ತಪ್ಪು ಹೆಸರನ್ನು ಬದಲಿಸುವಂತಿಲ್ಲ. ಒಮ್ಮೆ ಇಟ್ಟ ಹೆಸರು ಸ್ಥಿರ ಎಂಬುದು ಅಲ್ಲಿನ ನಿಯಮ. ಉಪನಾಮವೊಂದನ್ನು ಸೇರಿಸಿ ಸಮಾಧಾನ ಮಾಡಲಾಗಿದೆ. ಯೂನಿಕೋಡ್ ಒಕ್ಕೂಟದಲ್ಲಿ ಮತದ ಹಕ್ಕಿರುವುದು ಶುಲ್ಕ ಕೊಡುವ ಸದಸ್ಯರಿಗೆ; ಅವರಲ್ಲಿ ಪ್ರಬಲರು ಅಮೆರಿಕದ ದೊಡ್ಡ ಕಂಪೆನಿಗಳು. ಆದರೆ ಪ್ರಸ್ತಾವವನ್ನು ಯಾರು ಬೇಕಾದರೂ ಸಲ್ಲಿಸಬಹುದು, ಚರ್ಚೆಯ ಕಾಗದಪತ್ರಗಳನ್ನು ಯಾರು ಬೇಕಾದರೂ ಓದಬಹುದು. ಹಳೆಯ ಬರವಣಿಗೆಯ ನಕಾರಪೊಲ್ಲು 2021ರ 14ನೆಯ ಆವೃತ್ತಿಯಲ್ಲಿ ಸೇರ್ಪಡೆಯಾದುದು ಇಂತಹ ಪ್ರಸ್ತಾವದಿಂದಲೇ. ನಮ್ಮ ಕನ್ನಡ ವಿಭಾಗಗಳು ಈ ಬಾಗಿಲನ್ನು ಎಷ್ಟು ಸಲ ತಟ್ಟಿವೆ ಎಂಬುದು ವಿದ್ವಾಂಸರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ.

2021ರ ಜೂನಿನಲ್ಲಿ ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ಶೋಧಯಂತ್ರ 'ಕನ್ನಡ' ಎಂದು ಉತ್ತರಿಸಿದುದು, ನಾಡೆಲ್ಲ ಕೆರಳಿದುದು, ಕಂಪೆನಿ ಕ್ಷಮೆ ಯಾಚಿಸಿದುದು ಎಲ್ಲರಿಗೂ ತಿಳಿದಿದೆ. ಯಾವುದೋ ಪುಟದಲ್ಲಿ ಬಿದ್ದಿದ್ದ ಕ್ಷುದ್ರ ವಾಕ್ಯವನ್ನು ಯಂತ್ರ ಎತ್ತಿ ತೋರಿಸಿತ್ತು. ಕೋಪ ಸಹಜವೇ. ಆದರೆ ಆ ಕೋಪ ವಾರದೊಳಗೆ ಆರಿತು. ಅದೇ ಶೋಧಯಂತ್ರದಲ್ಲಿ, ಅದೇ ಕಂಪೆನಿಯ ಕೀಲಿಮಣೆಯಿಂದ ನಾವು ಮತ್ತೆ ಹುಡುಕತೊಡಗಿದೆವು. ಅದಕ್ಕಿಂತ ಎರಡು ವರ್ಷ ಹಿಂದೆ, 2019ರಲ್ಲಿ ನಡೆದ ಇನ್ನೊಂದು ಸಂಗತಿಗೆ ಅಷ್ಟು ಸದ್ದಾಗಲಿಲ್ಲ. ವಿ. ಕೃಷ್ಣ ಎಂಬವರು ದಶಕಗಳ ಕಾಲ ಒಬ್ಬರೇ ಕುಳಿತು ಸಂಕಲಿಸಿದ, ಒಂದೂವರೆ ಲಕ್ಷದಷ್ಟು ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' ಎಂಬ ಹೆಸರಿನಲ್ಲಿ ಮುಕ್ತ ಪರವಾನಗಿಯೊಡನೆ ಅಂತರಜಾಲಕ್ಕೆ ಬಂದಿತು. ಯಾರು ಬೇಕಾದರೂ ಇಡೀ ನಿಘಂಟನ್ನು ಇಳಿಸಿಕೊಂಡು ತಮ್ಮ ಕೆಲಸಕ್ಕೆ ಒದಗಿಸಿಕೊಳ್ಳಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಇದೇ ಧರ್ಮದ್ದು. ಬಳಸಿದವರು ಮೂಲವನ್ನು ಹೆಸರಿಸಿ, ಮಾರ್ಪಡಿಸಿದುದನ್ನು ಅದೇ ಷರತ್ತಿನಲ್ಲಿ ಮರಳಿ ಹಂಚಬೇಕೆಂಬುದು ಅದರ ನಿಬಂಧನೆ. ಇಂದು ಕನ್ನಡ ಮಾತನಾಡುವ ಯಂತ್ರಗಳನ್ನು ಕಟ್ಟುವ ಕಂಪೆನಿಗಳು ಇಂತಹ ದತ್ತಿಯಿಂದಲೇ ಪದ ಕಲಿಯುತ್ತವೆ. ಪಡೆದವರು ಮರಳಿ ಏನು ಕೊಡುತ್ತಾರೆ ಎಂಬ ವಿಷಯದಲ್ಲಿ ನನಗೆ ಸಂದೇಹವಿದೆ. ಮುಕ್ತ ತಂತ್ರಾಂಶದ ಕನ್ನಡ ಕಾರ್ಯಕರ್ತರು ಸಂಜೆಯ ಬಿಡುವಿನಲ್ಲಿ, ಸಂಬಳವಿಲ್ಲದೆ ದುಡಿಯುವ ಕೆಲವೇ ಜನ. ಅವರು ದಣಿದರೆ ಕೆಲಸ ನಿಲ್ಲುತ್ತದೆ. ಮುಕ್ತತೆಯ ಗುಣಗಾನ ಮಾಡುವಾಗ ಈ ದೌರ್ಬಲ್ಯವನ್ನೂ ಹೇಳಬೇಕಾಗುತ್ತದೆ.

ನನ್ನ ಫ್ಲಾಪಿಗಳ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಫಾಂಟುಗಳ ಸಂಖ್ಯೆಗಳನ್ನು ಒಂದೊಂದಾಗಿ ಗುರುತಿಸಿ, ಯೂನಿಕೋಡಿಗೆ ಪರಿವರ್ತಿಸುವ ಸಣ್ಣ ತಂತ್ರಾಂಶಗಳನ್ನು ಸ್ವಯಂಸೇವಕರು ಮೂಲಸಹಿತ ಹೊರಗಿಟ್ಟಿದ್ದಾರೆ. ಅಂತಹುದೊಂದರ ಕೋಷ್ಟಕವನ್ನು ನನ್ನ ಕಡತಕ್ಕೆ ತಕ್ಕಂತೆ ವಿದ್ಯಾರ್ಥಿಯೊಬ್ಬ ತಿದ್ದಿಕೊಟ್ಟ. ಮೂಲ ಮುಚ್ಚಿದ್ದರೆ ಅವನಿಗೆ ತಿದ್ದಲು ಬರುತ್ತಿರಲಿಲ್ಲ. ಪ್ರಬಂಧದ ಬಹುಭಾಗ ಮರಳಿ ಬಂದಿದೆ. ಮಸಿಯಲ್ಲಿ ಬರೆದಿದ್ದ ಅಕ್ಷರ ಮಾತ್ರ ಕಡತದಲ್ಲಿ ಇರಲೇ ಇಲ್ಲವಾದ್ದರಿಂದ ಅಲ್ಲೆಲ್ಲ ಜಾಗ ಖಾಲಿ ಇದೆ. ರಟ್ಟು ಕಟ್ಟಿದ ಪ್ರತಿಯನ್ನು ಪಕ್ಕಕ್ಕಿಟ್ಟುಕೊಂಡು, ಸಾಲುಸಾಲಾಗಿ ಹೋಲಿಸುತ್ತ, ಆ ಜಾಗಗಳಲ್ಲಿ ಈಗ ಕೀಲಿಮಣೆಯಿಂದಲೇ ೞಕಾರವನ್ನು ತುಂಬುತ್ತಿದ್ದೇನೆ. ಮೂರನೆಯ ಅಧ್ಯಾಯದವರೆಗೆ ಆಗಿದೆ.