ಮಾಸ್‌ಬೌವರ್ ರೋಹಿತಮಾಪಕ: ಅಲ್ಪವ್ಯಯದ ರಚನೆ

1. ತತ್ತ್ವ: ಘನಸ್ಫಟಿಕದಲ್ಲಿ ಬದ್ಧವಾದ ಪರಮಾಣು ನ್ಯೂಕ್ಲಿಯಸ್ಸು ಹಿನ್ನೆಗೆತವಿಲ್ಲದೆ ಗಾಮಾ ಕಿರಣವನ್ನು ಹೊರಸೂಸುವ ಹಾಗೂ ಹೀರುವ ವಿದ್ಯಮಾನ. ಜರ್ಮನಿಯ ರುಡಾಲ್ಫ್ ಮಾಸ್‌ಬೌವರ್ ಇದನ್ನು 1958ರಲ್ಲಿ ಪ್ರಕಟಿಸಿ, 1961ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ರಾಬರ್ಟ್ ಹಾಫ್‌ಸ್ಟಾಟರ್ ಅವರೊಡನೆ ಹಂಚಿಕೊಂಡರು. ಪ್ರಥಮ ಪ್ರಯೋಗ ಇರಿಡಿಯಂ-191ರಲ್ಲಿ ನಡೆಯಿತೇ ಹೊರತು ಕಬ್ಬಿಣದಲ್ಲಲ್ಲ.

2. ಗಾಮಾ ಕಿರಣದ ಆಕರ ಕೋಬಾಲ್ಟ್-57 (ಅರ್ಧಾಯು ಸುಮಾರು 272 ದಿನ). ಹೀರುವುದು ಕಬ್ಬಿಣ-57, ನೈಸರ್ಗಿಕ ಕಬ್ಬಿಣದಲ್ಲಿ ಸುಮಾರು 2.1%, ಕಿರಣದ ಶಕ್ತಿ 14.4 ಕಿಲೋ ಎಲೆಕ್ಟ್ರಾನ್ ವೋಲ್ಟ್.

3. ರಚನೆ: ದುಬಾರಿ ಚಾಲಕಯಂತ್ರಕ್ಕೆ ಬದಲಾಗಿ ಸಾಮಾನ್ಯ ಧ್ವನಿವರ್ಧಕದ ಕಂಪಕಕ್ಕೆ ಆಕರವನ್ನು ಜೋಡಿಸಿ, ಸೆಕೆಂಡಿಗೆ ಕೆಲವೇ ಮಿಲಿಮೀಟರು ವೇಗದಲ್ಲಿ ಹಿಂದುಮುಂದಾಗಿ ಚಲಿಸುವಂತೆ ಮಾಡಿದರೆ, ಡಾಪ್ಲರ್ ಪರಿಣಾಮದಿಂದ ಕಿರಣದ ಶಕ್ತಿಯು ಸೂಕ್ಷ್ಮವಾಗಿ ವ್ಯತ್ಯಾಸಗೊಂಡು, ಮಾದರಿಯ ಹೀರಿಕೆ ಯಾವ ವೇಗದಲ್ಲಿ ಅಧಿಕವೆಂಬುದನ್ನು ಎಣಿಕೆಯಂತ್ರವು ದಾಖಲಿಸುವುದು.

4. ಕಬ್ಬಿಣ-57ರ ರೋಹಿತದಲ್ಲಿ ಗುರುತಿಸಬೇಕಾದ ಅಂಶಗಳು:
• ಐಸೋಮರ್ ಪಲ್ಲಟ: ಉತ್ಕರ್ಷಣ ಸ್ಥಿತಿಯ (ಫೆರಸ್, ಫೆರಿಕ್) ಸೂಚಕ
• ಚತುರ್ಧ್ರುವ ವಿಭಜನೆ: 2 ರೇಖೆ
• ಕಾಂತೀಯ ವಿಭಜನೆ: 6 ರೇಖೆ

5. 2004ರಲ್ಲಿ ಮಂಗಳಗ್ರಹಕ್ಕಿಳಿದ ಆಪರ್ಚುನಿಟಿ ರೋವರು ಜಾರೋಸೈಟ್ ಖನಿಜವನ್ನು ಗುರುತಿಸಿದ್ದು ಮಾಸ್‌ಬೌವರ್ ರೋಹಿತಮಾಪಕದಿಂದಲೇ.

6. ಯಂತ್ರ ಅಗ್ಗವಾದರೂ ಆಕರ ಅಗ್ಗವಲ್ಲ. ಭಾರತದಲ್ಲಿ ಅದರ ಬಳಕೆಯು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಒಳಪಟ್ಟಿದೆ.