ಕೊಲೆ, ವಧೆ, ಬಲಿ: ಒಂದು ಶಬ್ದವಿವೇಚನೆ

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ ‘ನಮ್ಮ ಜಿಲ್ಲೆಯ ಸ್ವಾತಂತ್ರ್ಯ ಹೋರಾಟ’ ಎಂಬ ವಿಷಯವಾಗಿ ಪ್ರಬಂಧ ಬರೆಯಲು ಹೇಳಿದ್ದೆನು. ಒಬ್ಬ ಬಾಲಕನು ಈಸೂರಿನ ಘಟನೆಯನ್ನು ವರ್ಣಿಸುತ್ತ, ಗ್ರಾಮಸ್ಥರು ಅಮಲ್ದಾರರನ್ನು ‘ಸಂಹರಿಸಿದರು’ ಎಂದು ಬರೆದಿದ್ದನು. ವಾಕ್ಯವು ವ್ಯಾಕರಣಶುದ್ಧವಾಗಿದ್ದಿತು, ಶೈಲಿಯೂ ಓಜಸ್ವಿಯಾಗಿದ್ದಿತು. ಸಂತೋಷದಿಂದ ಹೆಚ್ಚಿನ ಅಂಕವನ್ನಿತ್ತು ತರಗತಿಯಲ್ಲಿ ಓದಿಸಿದೆನು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸಾರ್, ಅಮಲ್ದಾರರು ರಾಕ್ಷಸರೆ?” ಎಂದು ಕೇಳಿದಳು. ನಾನು ನಿರುತ್ತರನಾದೆನು. ಅಂದು ಕೊಡಲಾಗದ ಉತ್ತರವನ್ನು ಇಂದು ಈ ಸಂಚಿಕೆಯ ವಾಚಕರ ಮುಂದಿಡುತ್ತಿದ್ದೇನೆ.

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿದ ಮೇಲೆ, ಬೀಡುಕಬ್ಬಿಣ ಬೇರೆ, ಉಕ್ಕು ಬೇರೆ ಎಂಬುದನ್ನು ಅಲ್ಲಿಯ ಮಕ್ಕಳೂ ಬಲ್ಲವರಾದರು. ಶಬ್ದಗಳಲ್ಲಿಯೂ ಇಂತಹ ಭೇದವುಂಟು. ಜೀವ ತೆಗೆಯುವ ಒಂದೇ ಕ್ರಿಯೆಗೆ ಪ್ರತಿಯೊಂದು ಭಾಷೆಯೂ ಹಲವು ಹೆಸರುಗಳನ್ನಿಟ್ಟಿದೆ. ಅವು ಪರ್ಯಾಯಪದಗಳಂತೆ ತೋರಿದರೂ, ಒಂದೊಂದರಲ್ಲಿಯೂ ಒಂದೊಂದು ತೀರ್ಪು ಅಡಗಿದೆ.

ಮೊದಲು ಇಂಗ್ಲಿಷನ್ನು ನೋಡೋಣ. ‘ಮರ್ಡರ್’ ಎಂಬುದು ನಮ್ಮ ‘ಮರಣ’, ‘ಮೃತ್ಯು’ ಶಬ್ದಗಳಿಗೆ ದೂರದ ಬಂಧು. ಎಲ್ಲಕ್ಕೂ ಪ್ರಾಚೀನ ಮೂಲವೊಂದೇ. ಇಂದು ಅದು ಉದ್ದೇಶಪೂರ್ವಕವಾದ, ಕಾನೂನುಬಾಹಿರವಾದ ಕೊಲೆಗೆ ಮಾತ್ರ ಸಲ್ಲುವುದು. ‘ಹೋಮಿಸೈಡ್’ ಎಂದರೆ ಮನುಷ್ಯನನ್ನು ಕೊಂದದ್ದು ಎಂದಷ್ಟೆ. ದೋಷವಿದೆಯೋ ಇಲ್ಲವೋ ಎಂಬುದನ್ನು ಆ ಶಬ್ದವು ಹೇಳದು. ‘ಅಸಾಸಿನೇಷನ್’ ಅರಬ್ಬಿ ಮೂಲದ್ದು. ಮಧ್ಯಯುಗದಲ್ಲಿ ಪರ್ಷಿಯಾ, ಸಿರಿಯಾಗಳ ಕೋಟೆಗಳಲ್ಲಿದ್ದ ಒಂದು ಪಂಗಡಕ್ಕೆ ವಿರೋಧಿಗಳಿಟ್ಟ ಹೆಸರಿನಿಂದ ಬಂದು, ಪ್ರಮುಖ ವ್ಯಕ್ತಿಯನ್ನು ಹೊಂಚಿ ಕೊಲ್ಲುವುದಕ್ಕೆ ರೂಢಿಯಾಯಿತು. ‘ಮ್ಯಾಸಕರ್’ ಎಂಬುದರ ಹಿಂದೆ ಕಸಾಯಿಖಾನೆಯ ಚಿತ್ರವಿದೆ. ‘ಎಕ್ಸಿಕ್ಯೂಷನ್’ ಎಂದರೆ ಮೂಲತಃ ಆಜ್ಞೆಯನ್ನು ಜಾರಿಗೊಳಿಸುವುದು. ಇಲ್ಲಿ ಆಜ್ಞೆ ಕಾಣುತ್ತದೆ, ಸತ್ತವನು ಕಾಣನು. ‘ಜೆನೊಸೈಡ್’ ಎಂಬುದನ್ನು ಪೋಲೆಂಡಿನ ನ್ಯಾಯಶಾಸ್ತ್ರಜ್ಞ ರಾಫೆಲ್ ಲೆಮ್ಕಿನ್ 1944ರಲ್ಲಿ ಬಳಕೆಗೆ ತಂದನು. ಒಂದು ಜನಾಂಗವನ್ನೇ ಅಳಿಸಿಹಾಕುವ ಪಾತಕಕ್ಕೆ ಅದುವರೆಗೆ ಪ್ರತ್ಯೇಕ ಹೆಸರಿರಲಿಲ್ಲ. ಹೆಸರು ದೊರೆತ ಮೇಲೆ 1948ರಲ್ಲಿ ವಿಶ್ವಸಂಸ್ಥೆ ಅದರ ವಿರುದ್ಧ ಒಪ್ಪಂದವನ್ನು ಅಂಗೀಕರಿಸಿತು. ಒಂದು ಶಬ್ದದ ಶಕ್ತಿ ಎಷ್ಟೆಂಬುದಕ್ಕೆ ಇದು ನಿದರ್ಶನ.

ಇನ್ನು ಕನ್ನಡಕ್ಕೆ ಬರೋಣ. ‘ಕೊಲ್’ ನಮ್ಮ ದೇಶ್ಯ ಧಾತು. ಅದರಿಂದ ‘ಕೊಲೆ’, ‘ಕಡು’ ಸೇರಿ ‘ಕಗ್ಗೊಲೆ’. ‘ಹತ್ಯೆ’ ಸಂಸ್ಕೃತದ ‘ಹನ್’ ಧಾತುವಿನಿಂದ ಬಂದುದು. ಪಾಣಿನೀಯದಲ್ಲಿ ಇದೇ ಧಾತುವಿಗೆ ಕೆಲವೆಡೆ ‘ವಧ’ ಎಂಬುದು ಆದೇಶವಾಗುವುದು. ವ್ಯಾಕರಣದಲ್ಲಿ ಇಷ್ಟು ಹತ್ತಿರವಿದ್ದರೂ ಪ್ರಯೋಗದಲ್ಲಿ ಇವೆರಡೂ ಎದುರುಬದುರಾಗಿವೆ. ಶಿಶುಹತ್ಯೆ, ಆತ್ಮಹತ್ಯೆ ಎನ್ನುವಾಗ ಪಾಪವು ಕೊಂದವನದು; ಕೀಚಕವಧೆ, ಜರಾಸಂಧವಧೆ ಎನ್ನುವಾಗ ದೋಷವೆಲ್ಲ ಸತ್ತವನದು. ‘ಸಂಹಾರ’ವಂತೂ ಸೃಷ್ಟಿ ಸ್ಥಿತಿಗಳೊಡನೆ ಹೇಳುವ ದೇವರ ಕಾರ್ಯ. 1948ರ ಜನವರಿ 30ರಂದು ನಡೆದುದನ್ನು ‘ಗಾಂಧೀ ಹತ್ಯೆ’ ಎನ್ನುವವನಿಗೂ ‘ಗಾಂಧೀ ವಧೆ’ ಎನ್ನುವವನಿಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೊಂದು ವಿಚಿತ್ರವಿದೆ. ‘ಬಲಿ’, ‘ನರಮೇಧ’, ‘ಮಾರಣಹೋಮ’, ‘ಹುತಾತ್ಮ’ ಇವೆಲ್ಲವೂ ಪೂಜೆ, ಯಜ್ಞಗಳ ಪರಿಭಾಷೆಯಿಂದ ಬಂದವು. ತನ್ನನ್ನೇ ಆಹುತಿಯಾಗಿ ಅರ್ಪಿಸಿಕೊಂಡವನಿಗೆ ‘ಹುತಾತ್ಮ’ ಎಂಬುದು ಸಲ್ಲುವುದು. ಆದರೆ ನಿರಪರಾಧಿಗಳ ಕಗ್ಗೊಲೆಗೆ ‘ಮೇಧ’, ‘ಹೋಮ’ ಎಂಬ ಪವಿತ್ರನಾಮಗಳೇಕೆ? ಯಜ್ಞದ ಪಶುಬಲಿಯನ್ನೇ ಖಂಡಿಸಿದ ಶರಣರ ನಾಡಿನಲ್ಲಿ ಈ ಪ್ರಶ್ನೆ ಅಸ್ಥಾನದ್ದಲ್ಲ. ಶಿವಮೊಗ್ಗ–ಭದ್ರಾವತಿ ಹೆದ್ದಾರಿಯಲ್ಲಿ ಲಾರಿ ಹರಿದು ಯಾರಾದರೂ ಸತ್ತರೆ ‘ಅಪಘಾತಕ್ಕೆ ಬಲಿ’ ಎಂದು ಬರೆಯುವ ರೂಢಿಯಿದೆ. ಬಲಿಯನ್ನು ಬೇಡುವ ದೇವತೆ ರಸ್ತೆಯಲ್ಲಿ ಎಲ್ಲಿದೆ? ಅಲ್ಲಿರುವುದು ಎಷ್ಟೋ ಸಲ ಚಾಲಕನ ಅಜಾಗರೂಕತೆ. ಕಾನೂನು ಈ ವಿಷಯದಲ್ಲಿ ಹೆಚ್ಚು ನಿಷ್ಠುರವಾಗಿದೆ. 1860ರ ಭಾರತೀಯ ದಂಡಸಂಹಿತೆಯೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಕೊಲೆ, ಕೊಲೆಯೆನಿಸದ ದಂಡನಾರ್ಹ ನರಹತ್ಯೆ, ಅಲಕ್ಷ್ಯದಿಂದಾದ ಸಾವು ಎಂದು ಬೇರೆಬೇರೆಯಾಗಿ ವಿಂಗಡಿಸಿವೆ. ಕೊಂದವನ ಮನಸ್ಸಿನಲ್ಲಿ ಏನಿತ್ತೆಂಬುದೇ ಅಲ್ಲಿ ಮುಖ್ಯವಾದ ಒರೆಗಲ್ಲು.

ಈಗ ಈಸೂರಿಗೆ ಹಿಂದಿರುಗೋಣ. ಶಿಕಾರಿಪುರ ತಾಲ್ಲೂಕಿನ ಆ ಗ್ರಾಮವು 1942ರ ಚಳವಳಿಯಲ್ಲಿ ತಾನು ಸ್ವತಂತ್ರವೆಂದು ಸಾರಿತು. ಸೆಪ್ಟೆಂಬರ್ ತಿಂಗಳಲ್ಲಿ ಅಲ್ಲಿಗೆ ಬಂದ ಅಧಿಕಾರಿಗಳಿಗೂ ಗ್ರಾಮಸ್ಥರಿಗೂ ಘರ್ಷಣೆಯಾಗಿ, ಅಮಲ್ದಾರರೂ ಪೊಲೀಸ್ ಸಬ್‌ಇನ್‌ಸ್ಪೆಕ್ಟರರೂ ಪ್ರಾಣ ಕಳೆದುಕೊಂಡರು. ಮೈಸೂರು ಸಂಸ್ಥಾನದ ನ್ಯಾಯಾಲಯವು ಇದನ್ನು ಕೊಲೆಯೆಂದಿತು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಸರ್ಕಾರದ ಕಾಗದದಲ್ಲಿ ಅದು ‘ಮರಣದಂಡನೆ’. ಜನರ ಬಾಯಲ್ಲಿ ‘ಬಲಿದಾನ’. ಅಂದು ಅಪರಾಧಿಗಳೆನಿಸಿದವರು ಇಂದು ನಾಡಿಗೆ ಹುತಾತ್ಮರು. ಆ ಗೌರವ ಉಚಿತವಾದುದೇ.

ಆದರೆ ಹುಡುಗಿಯ ಪ್ರಶ್ನೆ ಹಾಗೆಯೇ ಉಳಿದಿದೆ. ಸತ್ತ ಇಬ್ಬರು ಅಧಿಕಾರಿಗಳೂ ಕನ್ನಡಿಗರೇ. ಅವರು ಅನ್ಯಾಯದ ಆಳ್ವಿಕೆಯ ಪರವಾಗಿ ನಿಂತಿದ್ದರೆಂಬುದು ನಿಜ. ರಾಕ್ಷಸರಾಗಿರಲಿಲ್ಲವೆಂಬುದೂ ಅಷ್ಟೇ ನಿಜ. ‘ಸಂಹಾರ’ ಎಂದೊಡನೆ ಅವರ ಮನುಷ್ಯತ್ವವು ಅಳಿದುಹೋಗುತ್ತದೆ. ಅದರೊಡನೆ, ಕೋಪದ ಕ್ಷಣದಲ್ಲಿ ನಡೆದುಹೋದುದಕ್ಕಾಗಿ ಕೊರಳೊಡ್ಡಿದ ಐವರ ಸಂಕಟವೂ ಅಳಿದುಹೋಗುತ್ತದೆ. ಐವರನ್ನು ಗೌರವಿಸುವುದಕ್ಕೆ ಇಬ್ಬರನ್ನು ಅಸುರರನ್ನಾಗಿ ಮಾಡಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದನ್ನು ‘ಗೋಲೀಬಾರಿನಲ್ಲಿ ಕೆಲವರು ಮೃತಪಟ್ಟರು’ ಎಂದು ಬರೆದರೆ ವಾಕ್ಯದಲ್ಲಿ ಕರ್ತೃಪದವೇ ಮರೆಯಾಗುವುದು. ಕೊಂದವರೂ ಅದರೊಡನೆ ಮರೆಯಾಗುವರು. ಜಾತಿಯ ಹೆಮ್ಮೆಗಾಗಿ ಹೆತ್ತ ಮಗಳನ್ನೇ ಕೊಲ್ಲುವುದಕ್ಕೆ ‘ಮರ್ಯಾದಾ ಹತ್ಯೆ’ ಎಂದರೆ ಕೊಲೆಗಾರನಿಗೆ ಮರ್ಯಾದೆಯನ್ನು ಒಪ್ಪಿಕೊಟ್ಟಂತೆ. ಇತ್ತೀಚೆಗೆ ಕೆಲವರು ‘ಮರ್ಯಾದೆಗೇಡು ಹತ್ಯೆ’ ಎಂದು ಬರೆಯುತ್ತಿರುವರು. ಇದು ಕನ್ನಡದ ಆತ್ಮಸಾಕ್ಷಿ ಎಚ್ಚತ್ತಿರುವುದರ ಲಕ್ಷಣ.

ಆ ಬಾಲಕನ ಪ್ರಬಂಧ ಇಂದು ನನ್ನ ಕೈಗೆ ಬಂದರೆ ಅಂಕವನ್ನು ಕಡಿಮೆ ಮಾಡೆನು. ‘ಸಂಹರಿಸಿದರು’ ಎಂಬುದರ ಕೆಳಗೆ ಗೆರೆಯೆಳೆದು, ‘ಕೊಂದರು’ ಎಂದು ಬರೆದು, ಅವನನ್ನು ಬಳಿಗೆ ಕರೆದು ಕಾರಣವನ್ನು ತಿಳಿಸುವೆನು. ನಡೆದುದನ್ನು ಮೊದಲು ಅಚ್ಚಗನ್ನಡದ ಸರಳ ಕ್ರಿಯಾಪದದಿಂದ ಹೇಳಬೇಕು. ಕೊಂದವರಾರು, ಸತ್ತವರಾರು ಎಂಬುದು ಸ್ಪಷ್ಟವಾಗಬೇಕು. ತೀರ್ಪು ಆಮೇಲೆ ಬರಲಿ. ಶಬ್ದವನ್ನು ತೂಗಿ ಆಡಲು ಕಲಿತ ಮಗು ಜೀವವನ್ನೂ ತೂಗಿ ನೋಡಲು ಕಲಿಯುವುದು. ಭಾಷಾಬೋಧಕರಾದ ನಮ್ಮ ಹೊಣೆ ಅಲ್ಲಿದೆ. ನನಗೆ ಅದನ್ನು ಕಲಿಸಿದವಳು ಹಿಂದಿನ ಸಾಲಿನ ಆ ಹುಡುಗಿ.